ಟಾಯರಿನ ಮೈಮೇಲೆ ಬರೆದದ್ದನ್ನು ಓದೋಣ

2023ರ ಫೆಬ್ರವರಿ. ನಸುಕಿನ ನಾಲ್ಕು ಗಂಟೆ. ನಮ್ಮ ಪಿಕಪ್‌ನಲ್ಲಿ 40 ಚೀಲ ಉಳ್ಳಾಗಡ್ಡಿ ಹೇರಿಕೊಂಡು ಆಳಂದ ಕಡೆಯಿಂದ ಸೊಲ್ಲಾಪುರ ಮಾರ್ಕೆಟ್ಟಿಗೆ ಹೊರಟಿದ್ದೆವು. ಆ ತಿಂಗಳು ಉಳ್ಳಾಗಡ್ಡಿ ರೇಟು ನೆಲ ಕಚ್ಚಿತ್ತು. ಎರಡು ಖೇಪು ಹೊಡೆದರೆ ಡೀಸೆಲ್ ಖರ್ಚೂ ಗಿಟ್ಟುವುದಿಲ್ಲ, ಒಂದೇ ಖೇಪಿಗೆ ಮುಗಿಸೋಣ ಅಂತ 26 ಚೀಲ ಹಿಡಿಯುವ ಗಾಡಿಗೆ 40 ಹಾಕಿದ್ದೆ. ನಾನು ಸ್ಟೇರಿಂಗ್ ಹಿಡಿದಿದ್ದೆ. ಅಣ್ಣನ ಮಗ ಚೀಲದ ಮೇಲೆ ಕಂಬಳಿ ಹೊದ್ದು ಮಲಗಿದ್ದ.

ವಾಗ್ದರಿ ದಾಟಿ ಅಕ್ಕಲಕೋಟದ ಹಾದಿಯಲ್ಲಿ ಹಿಂದಿನ ಎಡಗಾಲಿ ಢಂ ಅಂತ ಒಡೆಯಿತು. ಗಾಡಿ ಎಡಕ್ಕೆ ವಾಲಿ ತಗ್ಗಿಗೆ ಇಳಿಯಿತು. ಚೀಲಗಳ ಜತೆ ಹುಡುಗನೂ ಕೆಳಗೆ ಬಿದ್ದ. ಮುಂಗೈ ಎರಡು ಕಡೆ ಮುರಿಯಿತು. ತಲೆಗೆ ಬಿದ್ದಿದ್ದರೆ ಇವತ್ತು ನಾನು ಈ ಲೇಖನ ಬರೆಯುತ್ತಿರಲಿಲ್ಲ, ಅಣ್ಣನ ಮನೆಯ ಹೊಸ್ತಿಲು ತುಳಿಯುವ ಮುಖವೂ ನನಗಿರುತ್ತಿರಲಿಲ್ಲ.

ಆ ಟಾಯರ್ ಕೊಂಡು ಎರಡು ತಿಂಗಳಾಗಿತ್ತು ಅಷ್ಟೇ. 2022ರಲ್ಲಿ ತೊಗರಿಗೆ ನೆಟೆ ರೋಗ ಬಿದ್ದು ಹೊಲಕ್ಕೆ ಹೊಲವೇ ಒಣಗಿತ್ತು. ಕೈಯಲ್ಲಿ ರೊಕ್ಕ ಇರಲಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ಅರ್ಧ ದರಕ್ಕೆ ಎರಡು 'ಸೆಕೆಂಡ್' ಟಾಯರ್ ಸಿಕ್ಕವು. ಮಿರಿ ಮಿರಿ ಕಪ್ಪು, ಗೆರೆ ಆಳ ಕಾಣುತ್ತಿತ್ತು. "ಎರಡು ವರ್ಷ ಆರಾಮ ಓಡ್ತಾವ್ರಿ ಗೌಡ್ರ" ಅಂದ ಅಂಗಡಿಯವ. ನಾನು ನಂಬಿದೆ. ಉಳಿಸಿದ್ದು ಏಳು ಸಾವಿರ. ಆಸ್ಪತ್ರೆಗೆ ಹೋದದ್ದು 38 ಸಾವಿರ. ಒಡೆದು ಮಣ್ಣುಪಾಲಾದ ಉಳ್ಳಾಗಡ್ಡಿಯ ಲೆಕ್ಕ ಬೇರೆ.

ಪಂಚರ್ ಅಂಗಡಿ ಚಾಚಾ ಕಲಿಸಿದ ಪಾಠ

ಒಡೆದ ಟಾಯರನ್ನು ನಮ್ಮೂರ ಪಂಚರ್ ಅಂಗಡಿ ಚಾಚಾನ ಮುಂದೆ ಹಾಕಿದೆ. ನಲವತ್ತು ವರ್ಷದಿಂದ ಗಾಲಿ ಬಿಚ್ಚುವ ಕೈ ಅದು. ಆತ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸಾಲಿ ಕಲ್ತೀಯಲ್ಲಪ್ಪಾ, ಇದರ ಮ್ಯಾಲ ಬರ್ದದ್ದು ಓದಾಕ ಬರಲಿಲ್ಲೇನು ನಿನಗ?" ಅಂದ. ನಾಚಿಕೆ ಆಯಿತು. ಬಿತ್ತನೆ ಬೀಜದ ಚೀಲದ ಚೀಟಿ ಓದುತ್ತೇವೆ. ಎಣ್ಣೆ ಬಾಟಲಿಯ ತಾರೀಖು ನೋಡುತ್ತೇವೆ. ಆದರೆ ಮನೆಮಂದಿಯ ಜೀವ ಹೊರುವ ಟಾಯರಿನ ಮೇಲಿನ ಅಕ್ಷರ ಮಾತ್ರ ಯಾರೂ ಓದುವುದಿಲ್ಲ.

ಚಾಚಾ ತೋರಿಸಿದ್ದು ಮೂರು ಸಂಗತಿ.

ಮೊದಲನೆಯದು ಹುಟ್ಟಿದ ತಾರೀಖು. ಟಾಯರಿನ ಪಕ್ಕದಲ್ಲಿ ಒಂದು ಉದ್ದುದ್ದ ಗುಂಡಿಯಂಥ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನದರ ಮೇಲೆ 3415 ಇತ್ತು. ಅಂದರೆ 2015ನೇ ಇಸವಿಯ 34ನೇ ವಾರ. ಏಳು ವರ್ಷ ದಾಟಿದ ಮುದಿ ಟಾಯರ್. ರಬ್ಬರ್ ಓಡಿದರೆ ಮಾತ್ರ ಸವೆಯುತ್ತದೆ ಅನ್ನುವುದು ತಪ್ಪು. ಬಿಸಿಲಿಗೆ, ಗಾಳಿಗೆ ನಿಂತಲ್ಲೇ ಒಣಗಿ ಬಿರಿಯುತ್ತದೆ.

ಎರಡನೆಯದು ಗೆರೆ. ಸವೆದು ಬೋಳಾದ ರಬ್ಬರಿನಲ್ಲೇ ಬಿಸಿ ಕಬ್ಬಿಣದಿಂದ ಹೊಸ ಗೆರೆ ಕೊರೆದು ಕಪ್ಪು ಬಣ್ಣ ಬಳಿದಿದ್ದರು. ಗೆರೆಯ ತಳದಲ್ಲಿ ನೂಲು ಕಾಣುವಷ್ಟು ತೆಳುವಾಗಿತ್ತು. ಒಳ್ಳೆಯ ಟಾಯರಿನ ಗೆರೆಯ ಒಳಗೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತವೆ. ಮೇಲಿನ ರಬ್ಬರ್ ಸವೆದು ಆ ದಿಬ್ಬಕ್ಕೆ ಸಮ ಬಂದರೆ ಉಳಿದದ್ದು 1.6 ಮಿಲಿಮೀಟರ್ ಮಾತ್ರ, ಟಾಯರ್ ಬದಲಿಸುವ ಕಾಲ ಬಂತು ಅಂತ ಅರ್ಥ. ಕೊರೆದ ಟಾಯರಿನಲ್ಲಿ ಆ ದಿಬ್ಬಗಳೇ ಮಾಯವಾಗಿರುತ್ತವೆ. ಅದೇ ಗುರುತು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹೊರೆಯ ಸಂಖ್ಯೆ. ಅಳತೆ ಬರೆದ ಮೇಲೆ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತವೆ. ಸಂಖ್ಯೆ ಹೊರೆಯದು, ಅಕ್ಷರ ಓಟದ್ದು. ಸಂಖ್ಯೆ 100 ಇದ್ದರೆ ಆ ಒಂದು ಟಾಯರ್ ಹೊರುವುದು 800 ಕಿಲೋ. 106 ಇದ್ದರೆ 950. 110 ಇದ್ದರೆ 1060. 116 ಇದ್ದರೆ 1250. ಕೆಲವದರ ಮೇಲೆ ಗೀಟು ಹಾಕಿ ಎರಡು ಸಂಖ್ಯೆ ಬರೆದಿರುತ್ತಾರೆ. ಮೊದಲನೆಯದು ಒಂಟಿ ಗಾಲಿಗೆ, ಎರಡನೆಯದು ಜೋಡುಗಾಲಿಗೆ.

ನನ್ನದರ ಮೇಲೆ 100 ಇತ್ತು. ಅದು ಮಂದಿ ಕೂಡುವ ಜೀಪಿನ ಟಾಯರ್. ಅಳತೆ ಅದೇ, ರಿಮ್ಮಿಗೆ ಸರಿಯಾಗಿ ಕೂತಿತು, ಹಾಗಾಗಿ ನನಗೆ ಸಂಶಯವೇ ಬರಲಿಲ್ಲ. ಮಾಲು ಹೊರುವ ಪಿಕಪ್ಪಿನ ಟಾಯರಿಗೆ ಅಳತೆಯ ಜತೆ 'ಎಲ್‌ಟಿ' ಅಂತ ಇರುತ್ತದೆ. ಅಳತೆ ಒಂದೇ ಇದ್ದರೂ ಒಳಗಿನ ಕಸುವು ಬೇರೆ. ಕರುವಿಗೂ ಎತ್ತಿಗೂ ಒಂದೇ ಹಗ್ಗ ಸಾಕಾದೀತು, ನೊಗ ಒಂದೇ ಆಗುವುದಿಲ್ಲ.

ಕಾಟಾ ಹೇಳಿದ ಸತ್ಯ

ಆಮೇಲೆ ಗಾಡಿ ರಿಪೇರಿಯಾದಾಗ ಒಂದು ಕೆಲಸ ಮಾಡಿದೆ. ಎಪಿಎಂಸಿ ಹತ್ತಿರದ ಕಾಟಾಕ್ಕೆ ಹೋಗಿ ಮೊದಲು ಇಡೀ ಗಾಡಿ ತೂಗಿಸಿದೆ. ನಂತರ ಮುಂಗಾಲಿ ಕಾಟಾದಿಂದ ಇಳಿಸಿ ಹಿಂಗಾಲಿ ಮಾತ್ರ ಮೇಲೆ ನಿಲ್ಲಿಸಿ ತೂಗಿಸಿದೆ. ಕಾಟಾದವ ನಕ್ಕ. ಆದರೆ ಲೆಕ್ಕ ಮಾತ್ರ ನಗುವಂಥದ್ದಲ್ಲ.

ಖಾಲಿ ಗಾಡಿ 1700 ಕಿಲೋ. ಅದರಲ್ಲಿ ಹಿಂಗಾಲಿ ಮೇಲೆ 750. ಪಾಸಿಂಗ್ ಇರುವಷ್ಟೇ, ಅಂದರೆ 50 ಕಿಲೋದ 26 ಚೀಲ, ಒಟ್ಟು 1300 ಕಿಲೋ ಹೇರಿದಾಗ ಹಿಂಗಾಲಿ ಮೇಲೆ 1850. ಒಂದೊಂದು ಟಾಯರಿಗೆ 925. ಅಂದರೆ 800 ಕಿಲೋದ ಜೀಪಿನ ಟಾಯರ್ ಕಾನೂನಿನ ಹೊರೆಗೇ ಸಾಲುವುದಿಲ್ಲ. ಇನ್ನು 40 ಚೀಲ, ಎರಡು ಟನ್ ಹಾಕಿದರೆ ಹಿಂಗಾಲಿ ಮೇಲೆ 2450. ಒಂದೊಂದಕ್ಕೆ 1225. ಎಂಟುನೂರು ಹೊರುವವನ ತಲೆಯ ಮೇಲೆ ನಾನು ಒಂದೂವರೆ ಪಟ್ಟು ಹೇರಿ, ಮೇಲೆ ಹುಡುಗನನ್ನು ಮಲಗಿಸಿದ್ದೆ.

ನಾವು ಹಾಕುವ ಹೆಚ್ಚುವರಿ ಚೀಲ ಹೆಚ್ಚಿನಂಶ ಹಿಂದಿನ ಎರಡು ಗಾಲಿಯ ಮೇಲೇ ಬೀಳುತ್ತದೆ ಅನ್ನುವುದು ಕಾಟಾದ ಮೇಲೆ ನಿಂತಾಗ ನನಗೆ ತಿಳಿಯಿತು. ಗಾಡಿ ಹಿಂದೆ ಕೊಂಡಿ ಹಾಕಿ ಎರಡು ಗಾಲಿಯ ನೀರಿನ ಟ್ಯಾಂಕೋ ಮತ್ತೊಂದೋ ಎಳೆಯುವವರಿಗೂ ಇದೇ ಮಾತು. ಕೊಂಡಿ ಬರೀ ಎಳೆಯುವುದಿಲ್ಲ, ಕೆಳಕ್ಕೆ ಒತ್ತುತ್ತದೆ. ಆ ಒತ್ತಡವೂ ಹಿಂಗಾಲಿಯ ಲೆಕ್ಕಕ್ಕೆ ಸೇರಬೇಕು. ಆರ್‌ಸಿ ಪುಸ್ತಕದಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಬರೆದಿರುತ್ತವೆ. ಒಂದರಲ್ಲಿ ಒಂದು ಕಳೆದರೆ ನಿಮ್ಮ ಗಾಡಿಯ ತಾಕತ್ತು ಗೊತ್ತಾಗುತ್ತದೆ.

"ಪ್ಲೈ ಹೆಚ್ಚಿಗಿದ್ದದ್ದು ಹಾಕಿಸು" ಅನ್ನುವ ಭಾವ

ನಮ್ಮ ಅಕ್ಕನನ್ನು ಕೊಟ್ಟದ್ದು ಅಫಜಲಪುರ ತಾಲೂಕಿಗೆ. ಭೀಮಾ ದಂಡೆಯ ಹೊಲ, ಕಬ್ಬು. ಭಾವ ಟ್ರ್ಯಾಕ್ಟರಿಗೆ ಜೋಡು ಟ್ರಾಲಿ ಕಟ್ಟಿ ಸೀಜನ್ ತುಂಬ ಕಾರ್ಖಾನೆಗೆ ಕಬ್ಬು ಹೊಡೆಯುತ್ತಾರೆ. ನನ್ನ ಲೆಕ್ಕ ಕೇಳಿ ಅವರೆಂದರು: "ತಮ್ಮಾ, ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತಿ? ಪ್ಲೈ ಹೆಚ್ಚಿಗಿದ್ದ ಟಾಯರ್ ಹಾಕ್ಸು, ಎಷ್ಟರ ಹೇರು."

ಇದು ಭಾವ ಒಬ್ಬರದಲ್ಲ, ನಮ್ಮ ಮೂರೂ ತಾಲೂಕಿನ ಮಂದಿಯ ನಂಬಿಕೆ. ನಾನಿದನ್ನು ಒಪ್ಪುವುದಿಲ್ಲ. ಮೊದಲನೆಯದಾಗಿ, ಪ್ಲೈ ಅಂತ ಬರೆದ ಸಂಖ್ಯೆ ಇವತ್ತು ಒಳಗಿನ ಪದರದ ಎಣಿಕೆಯಲ್ಲ. ಹಿಂದಿನ ಕಾಲದ ಅಷ್ಟು ಪದರಕ್ಕೆ ಸಮನಾದ ಕಸುವು ಅಂತ ಮಾತ್ರ. ಅದಕ್ಕೇ ಪ್ಲೈ ಬಿಟ್ಟು ಹೊರೆಯ ಸಂಖ್ಯೆ ನೋಡಬೇಕು. ಎರಡನೆಯದಾಗಿ, ಟಾಯರ್ ಗಟ್ಟಿ ಮಾಡಿದರೆ ಗಾಡಿ ಗಟ್ಟಿ ಆಗುವುದಿಲ್ಲ. ಪಾಟಾ, ಎಕ್ಸೆಲ್, ಬೇರಿಂಗ್, ರಿಮ್, ಬ್ರೇಕ್ ಎಲ್ಲ ಹಳೆಯ ಲೆಕ್ಕದವೇ. ಟಾಯರ್ ಒಡೆಯದಿದ್ದರೆ ಎಕ್ಸೆಲ್ ಮುರಿಯುತ್ತದೆ, ಅದೂ ಉಳಿದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಟ್ರಾಲಿಗಳಿಗಂತೂ ಬಹಳಷ್ಟಕ್ಕೆ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಎರಡು ಟ್ರಾಲಿ ಕಬ್ಬು ಹಿಂದಿನಿಂದ ದಬ್ಬಿದರೆ ಟ್ರ್ಯಾಕ್ಟರ್ ಮಡಚಿಕೊಳ್ಳುತ್ತದೆ.

ಹಾಗಂತ ಭಾವನದು ಬರೀ ಆಸೆ ಅನ್ನಲಾರೆ. ಕಬ್ಬಿನ ಬಾಡಿಗೆ ಟನ್ ಲೆಕ್ಕ. ಕಡಿದ ಕಬ್ಬು ನಿಂತಷ್ಟೂ ಒಣಗಿ ತೂಕ ಇಳಿಯುತ್ತದೆ. ಕಡಿಯುವ ಗ್ಯಾಂಗಿಗೆ ಮುಂಗಡ ಕೊಟ್ಟಿರುತ್ತದೆ, ಕಾರ್ಖಾನೆ ಮುಂದೆ ಸರದಿ ಹಿಡಿದು ರಾತ್ರಿ ಕಳೆಯಬೇಕು. ಇಷ್ಟೆಲ್ಲ ಒತ್ತಡದಲ್ಲಿ ಮನುಷ್ಯ ಒಂದು ಖೇಪಿಗೆ ಹೆಚ್ಚು ಹೇರುತ್ತಾನೆ. ಬಾಡಿಗೆ ನಿಗದಿ ಮಾಡುವವರು ಕಾನೂನಿನ ಹೊರೆಗೆ ಲೆಕ್ಕ ಹಾಕಿ ಮಾಡಿದರೆ ಅವನು ಹೇರುವುದಿಲ್ಲ. ತಪ್ಪೆಲ್ಲ ಡ್ರೈವರನ ತಲೆಗೆ ಕಟ್ಟಿದರೆ ಆಗದು. ಆದರೆ ದಂಡ ಬೀಳುವುದು ಮಾತ್ರ ಅವನಿಗೇ. 2019ರ ತಿದ್ದುಪಡಿ ಆದ ಮೇಲೆ ಕಾಯಿದೆ ಪ್ರಕಾರ ಹೆಚ್ಚು ಹೊರೆಗೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಟ್ರಾಲಿಗೆ ರಿಮೋಲ್ಡ್ ಟಾಯರ್ ಹಾಕುವುದನ್ನು ನಾನು ವಿರೋಧಿಸುವುದಿಲ್ಲ. ಟ್ರಾಲಿ ನಿಧಾನ ಓಡುತ್ತದೆ. ಒಳಮೈ ಗಟ್ಟಿ ಇದ್ದು, ಪಕ್ಕದಲ್ಲಿ ಬಿರುಕು, ಉಬ್ಬು, ಹಳೆಯ ಕೊಯ್ತ ಇಲ್ಲದಿದ್ದರೆ, ಗೊತ್ತಿದ್ದ ಕಡೆ ಮಾಡಿಸಿದ್ದರೆ ಅದು ಬಡವನ ಜಾಣತನ. ಆದರೆ ಟ್ರ್ಯಾಕ್ಟರಿನ ಇಲ್ಲವೆ ಪಿಕಪ್ಪಿನ ಮುಂಗಾಲಿಗೆ ಮಾತ್ರ ಬೇಡವೇ ಬೇಡ. ಮುಂಗಾಲಿ ಹೋದರೆ ಸ್ಟೇರಿಂಗ್ ಕೈಯಲ್ಲಿದ್ದೂ ಇಲ್ಲದಂತೆ.

ಜೇವರ್ಗಿ ಗೆಳೆಯನ ಹೊಲದಲ್ಲಿ

ಜೇವರ್ಗಿ ಕಡೆಯ ಗೆಳೆಯನ ತೊಂದರೆ ಬೇರೆ. ಅವನದು ಎರಿ ಹೊಲ, ಹತ್ತಿ ಮತ್ತು ತೊಗರಿ. ಹತ್ತು ಹನಿ ಮಳೆ ಬಿದ್ದರೆ ಎರಿ ಮಣ್ಣು ಟಾಯರಿಗೆ ಮೆತ್ತಿ ಗಾಲಿ ರೊಟ್ಟಿ ಬಡಿದಂತಾಗುತ್ತದೆ. ಒಣಗಿದರೆ ಕಲ್ಲು. ಅದಕ್ಕಿಂತ ದೊಡ್ಡ ಶತ್ರು ತೊಗರಿ ಕೂಳೆ. ಕುಡಗೋಲಿನಿಂದ ಓರೆಯಾಗಿ ಕೊಯ್ದ ಕೂಳೆ ಒಣಗಿದ ಮೇಲೆ ಮೊಳೆಗಿಂತ ಚೂಪು. ಬದುವಿನ ಜಾಲಿಮುಳ್ಳು ಬೇರೆ. ರಾಶಿ ಕಾಲದಲ್ಲಿ ಅವನ ಗಾಡಿ ವಾರಕ್ಕೆ ಎರಡು ಸಲ ಪಂಚರ್.

ಅವನು ಕೇಳಿದ, "ಟ್ಯೂಬ್ಲೆಸ್ ಹಾಕ್ಸಲ್ಯಾ, ಟ್ಯೂಬಿಂದು ಇರ್ಲ್ಯಾ?" ನನ್ನ ಅನುಭವ ಇಷ್ಟು: ಟ್ಯೂಬ್ಲೆಸ್‌ಗೆ ಮುಳ್ಳು ಚುಚ್ಚಿದರೆ ಹವಾ ನಿಧಾನ ಇಳಿಯುತ್ತದೆ, ಹೊಲದಲ್ಲೇ ಬತ್ತಿ ತುರುಕಿ ಮನೆ ಮುಟ್ಟಬಹುದು. ಟ್ಯೂಬಿನದು ಒಮ್ಮೆಲೇ ಕುಸಿಯುತ್ತದೆ. ಆದರೆ ಕಲ್ಲಿನ ಹಾದಿಯಲ್ಲಿ ರಿಮ್ಮಿನ ಅಂಚು ಬಾಗಿದರೆ ಟ್ಯೂಬ್ಲೆಸ್ ಹವಾ ಹಿಡಿಯುವುದಿಲ್ಲ. ಅದಕ್ಕೂ ತಕ್ಕ ರಿಮ್ ಬೇಕು. ಕೂಳೆ ಟಾಯರಿನ ಪಕ್ಕಕ್ಕೆ ಚುಚ್ಚಿದರೆ ಎರಡಕ್ಕೂ ಮದ್ದಿಲ್ಲ. ಗಾಡಿ ಹೋಗುವ ದಾರಿಯ ನಾಲ್ಕು ಸಾಲಿನ ಕೂಳೆಯನ್ನು ಮೊದಲೇ ಕೀಳಿಸಿಬಿಡುವುದು ಎಲ್ಲ ಟಾಯರಿಗಿಂತ ಅಗ್ಗದ ಉಪಾಯ. ಒಂದು ಆಳಿನ ಅರ್ಧ ದಿನದ ಕೆಲಸ.

ಅವನ ಗಾಡಿಯಲ್ಲಿ ಇನ್ನೊಂದು ಕಂಡೆ. ಬೆಳಿಗ್ಗೆ ಹತ್ತಿ ಬಿಡಿಸಲು ಹದಿನೈದು ಹೆಣ್ಣುಮಕ್ಕಳು ಅದರ ಹಿಂದೆ ನಿಂತು ಬರುತ್ತಾರೆ. ಮಾಲಿನ ಗಾಡಿಯಲ್ಲಿ ಮಂದಿ ಒಯ್ಯುವುದು ಕಾನೂನಿಗೆ ವಿರುದ್ಧ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಹೊಲದ ಹಾದಿಗೆ ಬಸ್ಸಿಲ್ಲ. ನಡೆದು ಬಂದರೆ ಹನ್ನೊಂದು ಗಂಟೆ. ನಾನೂ ಒಯ್ದಿದ್ದೇನೆ, ಸುಳ್ಳು ಹೇಳಲಾರೆ. ಆದರೆ ಅವತ್ತು ಅವನ ಹಿಂಗಾಲಿ ಮುಟ್ಟಿ ನೋಡಿದೆ. ಬೋಳು. ಪಕ್ಕದಲ್ಲಿ ಕೂದಲೆಳೆಯ ಬಿರುಕು. ನಾನಂದೆ, "ದೋಸ್ತಾ, ಈ ಅಕ್ಕತಂಗ್ಯಾರು ನಿನ್ನ ಟಾಯರ್ ಮ್ಯಾಲ ನಂಬಿಕಿ ಇಟ್ಟು ನಿಂತಾರ. ಅವರಿಗೆ ನಂಬರ್ ಓದಾಕ ಬರಂಗಿಲ್ಲ. ನಿನಗ ಬರ್ತದ." ಆತ ಮಾತಾಡಲಿಲ್ಲ. ಮರುವಾರ ಎರಡು ಹೊಸ ಟಾಯರ್ ಹಾಕಿಸಿದ. ಮಂದಿ ಒಯ್ಯುವುದನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ, ನನ್ನ ಜಗಳ ಮುಂದುವರಿದಿದೆ.

ಹಾಗಾದರೆ ಯಾವುದು ಕೊಳ್ಳಬೇಕು?

ಕಂಪನಿ ಹೆಸರು ಹೇಳುವುದಿಲ್ಲ. ನಾನು ಈಗ ಪಾಲಿಸುವ ಕ್ರಮ ಮಾತ್ರ ಹೇಳುತ್ತೇನೆ.

ಮೊದಲು ಹಿಂಗಾಲಿಯ ತೂಕ ತೂಗಿಸಿ ಎರಡರಿಂದ ಭಾಗಿಸಿ. ಬಂದದ್ದಕ್ಕಿಂತ ನೂರು ಕಿಲೋವಾದರೂ ಹೆಚ್ಚು ಹೊರುವ ಸಂಖ್ಯೆಯ ಎಲ್‌ಟಿ ಟಾಯರ್ ಆರಿಸಿ. ನನ್ನದು 925, ಹಾಕಿಸಿದ್ದು 110, ಅಂದರೆ 1060 ಹೊರುವಂಥದ್ದು. ಇದರ ಮೇಲೂ 40 ಚೀಲ ಹಾಕಿದರೆ 165 ಕಿಲೋ ಮೀರುತ್ತದೆ. ಹಾಗಾಗಿ ಹಾಕುವುದಿಲ್ಲ.

ರೇಡಿಯಲ್ಲೋ, ಅಂಗಡಿಯವರು ನೈಲಾನ್ ಅನ್ನುವ ಹಳೆಯ ಬಗೆಯದೋ ಅನ್ನುವುದು ನಿಮ್ಮ ದಾರಿಯ ಮೇಲೆ. ಡಾಂಬರಿನ ಮೇಲೆ ಸೊಲ್ಲಾಪುರ, ಕಲಬುರಗಿ ಓಡಾಟ ಹೆಚ್ಚಿದ್ದರೆ ರೇಡಿಯಲ್ ಲೇಸು. ಕಡಿಮೆ ಕಾಯುತ್ತದೆ, ಹೆಚ್ಚು ಬಾಳುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಕಲ್ಲು ಕೂಳೆ ಹಾದಿಯೇ ಹೆಚ್ಚಿದ್ದರೆ ನೈಲಾನ್ ಟಾಯರಿನ ಪಕ್ಕ ಗಟ್ಟಿ, ದರವೂ ಕಡಿಮೆ. ಆದರೆ ಒಂದೇ ಎಕ್ಸೆಲ್ಲಿಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಹಾಕಬೇಡಿ. ಒಂದು ಹೋರಿ, ಒಂದು ಕೋಣ ಹೂಡಿದಂತೆ ಆಗುತ್ತದೆ.

ಗೆರೆಯ ವಿಷಯ: ಮುಂದೆ ಉದ್ದ ಗೆರೆಯ ರಿಬ್ ಇರಲಿ, ಸ್ಟೇರಿಂಗ್ ಮಾತು ಕೇಳುತ್ತದೆ. ಹಿಂದೆ ಹೊಲಕ್ಕೆ ಇಳಿಸುವವರು ಅಡ್ಡ ಕಟ್ಟಿನ ಲಗ್ ಹಾಕಿಸಬಹುದು. ಆದರೆ ಲಗ್ ಹಾಕಿಸಿದ ಮಾತ್ರಕ್ಕೆ ಹಸಿ ಎರಿಯಲ್ಲಿ ಪಿಕಪ್ ಓಡುವುದಿಲ್ಲ. ಅದು ಟ್ರ್ಯಾಕ್ಟರಿನ ಕೆಲಸ. ಎರಡೇ ಹೊಸದು ಕೊಳ್ಳುವ ಶಕ್ತಿ ಇದ್ದರೆ ಹೊರೆ ಬೀಳುವ ಹಿಂದಕ್ಕೆ ಹಾಕಿ, ಮುಂದೆ ಉಳಿಯುವವು ಬೋಳಾಗಿರಬಾರದು.

ಹೊಸದು ಕೊಂಡಾಗಲೂ ನಾಲ್ಕು ಅಂಕಿ ಓದಿ. ಎರಡು ಮೂರು ವರ್ಷದ ಹಳೆ ಸ್ಟಾಕನ್ನು ಹೊಸದೆಂದು ಪೂರ್ತಿ ದರಕ್ಕೆ ಕೊಡುವವರಿದ್ದಾರೆ. ಐಎಸ್‌ಐ ಗುರುತು ನೋಡಿ. ಬಿಲ್ಲು ಕೇಳಿ ಪಡೆಯಿರಿ. ಬಿಲ್ಲಿಲ್ಲದೆ ಕಂಪನಿ ವಾರಂಟಿ ಸಿಗುವುದಿಲ್ಲ.

ಹವಾ ಪುಕ್ಕಟೆ, ಆದರೂ ಹಿಡಿಸುವುದಿಲ್ಲ

ಎಷ್ಟೇ ಒಳ್ಳೆಯ ಟಾಯರಿದ್ದರೂ ಹವಾ ಕಡಿಮೆ ಇದ್ದರೆ ಅದು ಹೊರೆ ಹೊರದು. ಟಾಯರ್ ಹೊರುವುದು ರಬ್ಬರಿನಿಂದಲ್ಲ, ಒಳಗಿನ ಹವಾದಿಂದ. ಹವಾ ಕಡಿಮೆಯಾದರೆ ಪಕ್ಕ ಮಡಚಿ ಮಡಚಿ ಒಳಗೇ ಕಾಯುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲು 42 ಡಿಗ್ರಿ ದಾಟುತ್ತದೆ, ಡಾಂಬರ್ ಅದಕ್ಕಿಂತ ಬಿಸಿ. ಅಂಥಲ್ಲಿ ಒಡೆಯದೆ ಇನ್ನೇನಾಗುತ್ತದೆ?

ಬೆಳಿಗ್ಗೆ ಗಾಡಿ ಓಡುವ ಮೊದಲು, ತಣ್ಣಗಿದ್ದಾಗಲೇ ಅಳೆಯಬೇಕು. ಹತ್ತು ಡಿಗ್ರಿ ಬಿಸಿ ಏರಿದರೆ ಸುಮಾರು ಎರಡು ಪೌಂಡ್ ಹವಾ ತಾನೇ ಏರುತ್ತದೆ. ಮಧ್ಯಾಹ್ನ ಅದನ್ನು ಕಂಡು ಹೆದರಿ ಹವಾ ಬಿಟ್ಟರೆ ಮರುದಿನ ಕಡಿಮೆಯಾಗಿರುತ್ತದೆ. ಎಷ್ಟು ಹಿಡಿಸಬೇಕು ಅನ್ನುವುದು ಗಾಡಿಯ ಬಾಗಿಲ ಹತ್ತಿರದ ಚೀಟಿಯಲ್ಲಿ ಇಲ್ಲವೆ ಕಂಪನಿ ಪುಸ್ತಕದಲ್ಲಿ ಇರುತ್ತದೆ, ಖಾಲಿಗೆ ಬೇರೆ, ಹೊರೆಗೆ ಬೇರೆ. ಟಾಯರಿನ ಮೇಲೆ ಬರೆದದ್ದು ಗರಿಷ್ಠ ಮಿತಿ. ಒಂದು ಹವಾ ಅಳೆಯುವ ಮೀಟರು ಮನೆಯಲ್ಲಿರಲಿ. ನಾಲ್ಕು ತಿಂಗಳು ಓಡಿ ಎಂಟು ತಿಂಗಳು ನಿಲ್ಲುವ ಟ್ರಾಲಿಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಗಾಲಿಗೆ ಬಿಸಿಲು ತಾಗದಂತೆ ಹಳೆ ತಾಡಪತ್ರಿ ಹೊದಿಸಿ.

ಆಗಬೇಕಾದದ್ದು

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟಾಯರಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಒಳ್ಳೆಯದಾಯಿತು. ಪಿಕಪ್ ಟಾಯರಿನದು 28ರಿಂದ 18ಕ್ಕೆ ಬಂತು. ಆದರೆ ತೊಗರಿ, ಉಳ್ಳಾಗಡ್ಡಿ ಹೊರುವ ಸಣ್ಣ ರೈತನ ಒಂದೇ ಒಂದು ಪಿಕಪ್ಪಿಗೂ ದೊಡ್ಡ ವ್ಯಾಪಾರಿಯ ಗಾಡಿ ಸಾಲಿಗೂ ಒಂದೇ ತೆರಿಗೆ ಯಾಕೆ? ರೈತನ ಹೆಸರಿನ, ಪಹಣಿ ಇರುವವನ ಒಂದು ಗಾಡಿಗಾದರೂ ಟ್ರ್ಯಾಕ್ಟರಿನಂತೆಯೇ 5 ಮಾಡಬೇಕು ಅನ್ನುವುದು ನನ್ನ ಬೇಡಿಕೆ. ಹೊಸ ಟಾಯರ್ ಕೈಗೆ ಎಟುಕಿದರೆ ಕೊರೆದ ಟಾಯರಿನ ವ್ಯಾಪಾರ ತಾನೇ ಸಾಯುತ್ತದೆ.

ಎರಡನೆಯದು, ರಾಶಿ ಮತ್ತು ಕಬ್ಬಿನ ಸೀಜನ್ ಮೊದಲು ಒಂದು ದಿನ ಎಪಿಎಂಸಿ ಕಾಟಾದಲ್ಲಿ, ಕಾರ್ಖಾನೆ ಅಂಗಳದಲ್ಲಿ ಪುಕ್ಕಟೆ ತೂಕ, ಹವಾ, ಟಾಯರ್ ತಪಾಸಣೆ ಇಡಲಿ. ರೈತ ಸಂಪರ್ಕ ಕೇಂದ್ರದವರು ಬೀಜದ ಜತೆ ಇದನ್ನೂ ಹೇಳಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ಮೂರನೆಯದು ನಮ್ಮ ಕೈಯಲ್ಲೇ ಇದೆ. ನಮ್ಮೂರಿನ ಆರು ಗಾಡಿಯವರು ಕಳೆದ ಸಲ ಕೂಡಿ ಹೋಗಿ ಹನ್ನೆರಡು ಟಾಯರ್ ಒಮ್ಮೆಲೇ ಕೊಂಡೆವು. ದರದಲ್ಲಿ ರಿಯಾಯಿತಿ ಸಿಕ್ಕಿತು. ಅದಕ್ಕಿಂತ ಹೆಚ್ಚಿನದು, ಆರು ಜನ ಕೂಡಿ ತಾರೀಖು ಓದುವಾಗ ಅಂಗಡಿಯವ ಹಳೆ ಸ್ಟಾಕ್ ಹೊರಗೆ ತೆಗೆಯಲೇ ಇಲ್ಲ.

ನಮ್ಮ ಅಜ್ಜನ ಕಾಲದಲ್ಲಿ ಬಂಡಿಯ ಗಾಲಿಗೆ ಹಳಿ ಕಟ್ಟಿಸುವಾಗ ಬಡಿಗೇರನ ಮುಂದೆ ಮನೆಯ ಹಿರಿಯನೇ ಕೂಡುತ್ತಿದ್ದ. ಹಳಿ ಕಾಯ್ದದ್ದು, ತಣಿದದ್ದು ಕಣ್ಣಾರೆ ನೋಡಿ ಏಳುತ್ತಿದ್ದ. ನಾವು ಟಾಯರ್ ಹಾಕಿಸಲು ಬಿಟ್ಟು ಚಹಾ ಕುಡಿಯಲು ಹೋಗುತ್ತೇವೆ.

ಅಣ್ಣನ ಮಗನ ಕೈ ಕೂಡಿದೆ, ಆದರೆ ಪೂರ್ತಿ ಮಡಚಲು ಬರುವುದಿಲ್ಲ. ಭಾರದ ಚೀಲ ಎತ್ತಲಾರ. ಈಗ ಗಾಡಿ ಹೊರಡುವ ಮೊದಲು ಮೀಟರು ಹಿಡಿದು ನಾಲ್ಕೂ ಗಾಲಿ ಸುತ್ತುವವನು ಅವನೇ. ಚೀಲ 26 ಆದ ಕೂಡಲೇ "ಕಾಕಾ, ಸಾಕು" ಅನ್ನುತ್ತಾನೆ. ನಾನು ಮರುಮಾತಾಡದೆ ಹಗ್ಗ ಬಿಗಿಯುತ್ತೇನೆ.